ಮುಖಭಾವ ಮತ್ತು ಮನೋರೋಗ: ಡೈಮಂಡನ ಛಾಯಾಚಿತ್ರಗಳ ವಿಮರ್ಶೆ

ಮುಖವನ್ನು ನೋಡಿ ಮನಸ್ಸಿನ ರೋಗವನ್ನು ತಿಳಿಯಬಹುದೆಂಬ ಹಳೆಯ ನಂಬಿಕೆಗೆ ವಿಜ್ಞಾನದ ಮುದ್ರೆಯನ್ನೊತ್ತಿದವರಲ್ಲಿ ಹ್ಯೂ ವೆಲ್ಚ್ ಡೈಮಂಡ್ ಒಬ್ಬನು. ಇಂಗ್ಲೆಂಡಿನ ಸರ್ರೆ ಪ್ರಾಂತದ ಹುಚ್ಚಾಸ್ಪತ್ರೆಯಲ್ಲಿ ಸ್ತ್ರೀವಿಭಾಗದ ಮೇಲ್ವಿಚಾರಕನಾಗಿದ್ದ ಈತನು ರೋಗಿಗಳ ಛಾಯಾಚಿತ್ರಗಳನ್ನು ತೆಗೆದು, 1856ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವುಗಳ ಪ್ರಯೋಜನವನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ಮಾತಿನ ನೆರವಿಲ್ಲದೆಯೇ ಚಿತ್ರವು ರೋಗವನ್ನು ತಿಳಿಸಬಲ್ಲುದೆಂಬುದು ಆತನ ವಾದದ ತಿರುಳು.

ಆದರೆ ಚಿತ್ರಗಳೇ ಈ ವಾದಕ್ಕೆ ಪೂರ್ಣವಾಗಿ ಒಡಂಬಡುವುದಿಲ್ಲ. ಬಾಣಂತಿಸನ್ನಿಗೆ ತುತ್ತಾದ ಸ್ತ್ರೀಯೊಬ್ಬಳ ನಾಲ್ಕು ಅವಸ್ಥೆಗಳ ಚಿತ್ರಮಾಲೆಯನ್ನು ಪರಿಶೀಲಿಸಬಹುದು. 1858ರಲ್ಲಿ ಜಾನ್ ಕನೊಲಿ ಎಂಬ ವೈದ್ಯನು ಇದನ್ನು ಶಿಲಾಮುದ್ರಣದ ಮೂಲಕ ಪ್ರಕಟಿಸಿದನು. ಗುಣ ಹೊಂದಿದ ಅವಸ್ಥೆಯ ಕೊನೆಯ ಚಿತ್ರದಲ್ಲಿ ಆಕೆಯ ತಲೆಯ ಮೇಲೆ ಟೊಪ್ಪಿಗೆಯಿದೆ. ಇಲ್ಲಿ ಆರೋಗ್ಯವನ್ನು ಸಾರುವುದರಲ್ಲಿ ಮುಖದಷ್ಟೇ ಪಾತ್ರ ಉಡುಪಿಗೂ ಉಂಟು. ಅಲ್ಲದೆ, ಅಂದಿನ ಕೊಲೋಡಿಯನ್ ಫಲಕದ ಮುಂದೆ ಹಲವು ಕ್ಷಣ ಅಲುಗದೆ ಕೂರಬೇಕಾಗಿತ್ತು. ಸುಳಿದು ಮರೆಯಾಗುವ ಭಾವಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಹೀಗಿರಲು, ಮುಖದ ಜಡತೆಯಲ್ಲಿ ರೋಗದ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬುದನ್ನು ನಿರ್ಣಯಿಸುವುದು ಕಷ್ಟ.

ಇದು ಗತಕಾಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಸೈಕೋಸಿಸ್ ಎಂಬ ತೀವ್ರ ಮನೋವಿಕಾರಕ್ಕೆ ಒಳಗಾಗುವ ಸಂಭವವುಳ್ಳ ತರುಣರ ಮುಖಚಲನೆಯನ್ನು ಇಂದು ವಿಡಿಯೋದಲ್ಲಿ ಹಿಡಿದು ಕಂಪ್ಯೂಟರಿನಿಂದ ಅಳೆಯುತ್ತಿದ್ದಾರೆ. ನಿಶ್ಚಲಚಿತ್ರವು ಕಳೆದುಕೊಂಡಿದ್ದ ಚಲನೆಯನ್ನು ಇದು ಮರಳಿ ದೊರಕಿಸಿತು; ಈ ಮುನ್ನಡೆಯನ್ನು ಅಲ್ಲಗಳೆಯಲಾಗದು. ಆದರೂ ಅಳೆದದ್ದು ಏನನ್ನು ಎಂದು ಕೇಳಲೇಬೇಕು. ಆನ್ ಕ್ರಿಂಗ್ ಮತ್ತು ಜಾನ್ ನೀಲ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಲನಚಿತ್ರದ ತುಣುಕುಗಳನ್ನು ನೋಡಿದ ಸ್ಕಿಜೋಫ್ರೀನಿಯಾ ರೋಗಿಗಳ ಮುಖದಲ್ಲಿ ಇತರರಿಗಿಂತ ಕಡಮೆ ಭಾವ ಕಂಡುಬಂದಿತು; ತಾವು ಅನುಭವಿಸಿದ ಭಾವವನ್ನು ಹೇಳುವಾಗ ಮಾತ್ರ ಅವರು ಇತರರಿಗೆ ಕಡಮೆಯಾಗಿರಲಿಲ್ಲ. ನಮ್ಮ ಅಲಂಕಾರಶಾಸ್ತ್ರವೂ ಅನುಭಾವವನ್ನು ಭಾವದ ಸೂಚಕವೆಂದಿತೇ ಹೊರತು ಅದನ್ನೇ ಭಾವವೆನ್ನಲಿಲ್ಲ.

ಅಪಾಯವುಂಟೆಂದು ಗುರುತಿಸಲ್ಪಟ್ಟವರಲ್ಲಿ ಹೆಚ್ಚಿನವರು ಮುಂದೆ ಸೈಕೋಸಿಸ್‌ಗೆ ಒಳಗಾಗುವುದಿಲ್ಲ. ಮುಖದ ಅಳತೆಯೊಂದನ್ನೇ ನೆಚ್ಚಿ ತರುಣನೊಬ್ಬನಿಗೆ ರೋಗದ ಹೆಸರನ್ನು ಅಂಟಿಸಿದರೆ, ಓದಿನಲ್ಲಿಯೂ ಉದ್ಯೋಗದಲ್ಲಿಯೂ ಆ ಹೆಸರು ಅವನನ್ನು ಬಿಡದೆ ಹಿಂಬಾಲಿಸೀತು. ಡೈಮಂಡನ ಚಿತ್ರಗಳಲ್ಲಿರುವ ಸ್ತ್ರೀಯರ ಮುಖಗಳು ನಮಗೆ ಉಳಿದಿವೆ. ಅವರು ಹೇಳಬಹುದಾಗಿದ್ದ ಮಾತು ಚಿತ್ರದಲ್ಲಿಲ್ಲ. ಆ ಲೋಪವು ಇಂದಿನ ಪರೀಕ್ಷೆಯಲ್ಲಿ ಮರುಕಳಿಸಬಾರದು. ಮುಖವನ್ನು ಅಳೆಯುವವರು ಆ ಮುಖದವನ ಮಾತನ್ನೂ ಕೇಳಿ ದಾಖಲಿಸುವುದು ಅವಶ್ಯ.