ಸರ್ವರ್ ಬದಲಾದ ಸೋಮವಾರ

ಕಚೇರಿಯ ಸರ್ವರ್ ಬದಲಿಸುವ ಕೆಲಸ ಸಾಮಾನ್ಯವಾಗಿ ಶನಿವಾರ ಸಂಜೆ ಶುರುವಾಗುತ್ತದೆ. ಅದು ಸರಿಯಾಗಿ ಆಯಿತೋ ಇಲ್ಲವೋ ಎಂಬುದು ಗೊತ್ತಾಗುವುದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಲಾಗಿನ್ ಆಗುತ್ತಿಲ್ಲ, ಶೇರ್ ಫೋಲ್ಡರ್ ತೆರೆಯುತ್ತಿಲ್ಲ, ಸ್ಕ್ಯಾನ್ ಮಾಡಿದ ಕಾಗದ ಎಲ್ಲಿಗೂ ಹೋಗುತ್ತಿಲ್ಲ, ಟ್ಯಾಲಿಯಲ್ಲಿ ಕಂಪನಿಯೇ ಕಾಣುತ್ತಿಲ್ಲ ಎಂದು ಮೇಜಿಗೊಂದು ದೂರು ಏಳುತ್ತದೆ. ಹಾಗೆಂದು ಬದಲಾವಣೆಯನ್ನು ಬಹಳ ಕಾಲ ಮುಂದೂಡುವಂತೆಯೂ ಇಲ್ಲ. ವಿಂಡೋಸ್ ಸರ್ವರ್ 2008ಕ್ಕೆ 2020ರ ಜನವರಿ 14ರಂದು, ಸರ್ವರ್ 2012ಕ್ಕೆ 2023ರ ಅಕ್ಟೋಬರ್ 10ರಂದು ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಹೆಚ್ಚುವರಿ ಹಣ ಕಟ್ಟಿದವರನ್ನು ಬಿಟ್ಟರೆ ಉಳಿದವರಿಗೆ ಆಮೇಲೆ ಭದ್ರತಾ ತಿದ್ದುಪಡಿಗಳು ಬರಲಿಲ್ಲ. ಹೀಗಾಗಿ ಬದಲಾವಣೆಯ ನಂತರ ದುರಸ್ತಿ ಯಾವ ಕ್ರಮದಲ್ಲಿ ನಡೆಯುತ್ತದೆ, ಆ ಕ್ರಮ ಎಷ್ಟು ಯೋಗ್ಯ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ರೂಢಿಯ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ರೀಸ್ಟಾರ್ಟ್, ಆಮೇಲೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವುದು, ಆಮೇಲೆ ಫೈರ್‌ವಾಲ್ ಆಫ್ ಮಾಡುವುದು, ಅದೂ ಆಗದಿದ್ದರೆ ಡೊಮೈನ್‌ನಿಂದ ತೆಗೆದು ಮತ್ತೆ ಸೇರಿಸುವುದು, ಕೊನೆಗೆ ಫಾರ್ಮ್ಯಾಟ್. ಇದನ್ನು ಪೂರ್ತಿ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ರೀಸ್ಟಾರ್ಟ್ ಮಾಡಿದಾಗ ಕಂಪ್ಯೂಟರ್ ತನ್ನ ಐಪಿ ವಿಳಾಸವನ್ನು ಹೊಸದಾಗಿ ಖಚಿತಪಡಿಸಿಕೊಳ್ಳುತ್ತದೆ, ನೆನಪಿಟ್ಟುಕೊಂಡಿದ್ದ ಹಳೆಯ ಹೆಸರುಗಳನ್ನು ಬಿಟ್ಟುಕೊಡುತ್ತದೆ, ಸರ್ವರ್‌ನ ನಿಯಮಗಳನ್ನು ಮತ್ತೆ ಓದಿಕೊಳ್ಳುತ್ತದೆ. ಆದ್ದರಿಂದ ಅನೇಕ ದೂರುಗಳು ಅಲ್ಲಿಗೇ ಮುಗಿಯುತ್ತವೆ. (ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಅಷ್ಟೇ ಫಲ ಸಿಗುತ್ತದೆಂಬ ನಂಬಿಕೆ ಮಾತ್ರ ತಪ್ಪು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಲ್ಲಿ ಶಟ್‌ಡೌನ್ ಪೂರ್ಣವಾಗಿ ಆಗುವುದಿಲ್ಲ, ರೀಸ್ಟಾರ್ಟ್ ಆಗುತ್ತದೆ.) ದೋಷವಿರುವುದು ಆ ಮುಂದಿನ ಮೆಟ್ಟಿಲುಗಳಲ್ಲಿ. ಒಂದರ ಹಿಂದೆ ಒಂದರಂತೆ ನಾಲ್ಕು ಸಂಗತಿಗಳನ್ನು ಬದಲಿಸಿದ ಮೇಲೆ ಕಂಪ್ಯೂಟರ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಪಕ್ಕದ ಮೇಜಿನಲ್ಲಿ ಅದೇ ದೂರು ಬಂದಾಗ ಮತ್ತೆ ರೀಸ್ಟಾರ್ಟ್‌ನಿಂದಲೇ ಶುರು.

ಪಠ್ಯಪುಸ್ತಕದ ಕ್ರಮ ಇದಕ್ಕಿಂತ ಶಿಸ್ತಿನದು. ಕಾಂಪ್‌ಟಿಯಾ ಪರೀಕ್ಷೆಗಳಿಗೆ ಓದುವವರು ಕಲಿಯುವ ವಿಧಾನದಲ್ಲಿ ಸಮಸ್ಯೆಯನ್ನು ಗುರುತಿಸುವುದು, ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಪರಿಹಾರ ಯೋಜಿಸಿ ಜಾರಿಮಾಡುವುದು, ಎಲ್ಲವೂ ನಡೆಯುತ್ತಿದೆಯೇ ಎಂದು ನೋಡುವುದು, ಕಡೆಗೆ ಬರೆದಿಡುವುದು ಎಂಬ ಹಂತಗಳಿವೆ. ಒಂಟಿ ಕಂಪ್ಯೂಟರ್ ಕೆಟ್ಟಾಗ ಈ ವಿಧಾನ ಚೆನ್ನಾಗಿ ದುಡಿಯುತ್ತದೆ. ಸರ್ವರ್ ಬದಲಾದ ನಂತರದ ಸ್ಥಿತಿಯೇ ಬೇರೆ. ಅಲ್ಲಿ ಏನು ಬದಲಾಯಿತೆಂಬುದು ಮೊದಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಹಳೆಯ ಸರ್ವರ್ ಯಾರ ಗಮನಕ್ಕೂ ಬಾರದೆ ಏನೇನು ಕೆಲಸ ಮಾಡುತ್ತಿತ್ತು ಎಂಬುದು. ಫೈಲ್ ಇಡುವುದಕ್ಕೆಂದು ತಂದ ಯಂತ್ರ ಹತ್ತು ವರ್ಷಗಳಲ್ಲಿ ವಿಳಾಸ ಹಂಚುವ, ಹೆಸರು ಹೇಳುವ, ಸಮಯ ತೋರಿಸುವ, ಪ್ರಿಂಟರ್ ನಡೆಸುವ ಹೊಣೆಗಳನ್ನೆಲ್ಲ ಹೊತ್ತುಕೊಂಡಿರುತ್ತದೆ. ಹಾಗಾಗಿ ಬರೆದಿಡುವ ಹಂತವನ್ನು ಕಡೆಯಿಂದ ಮೊದಲಿಗೆ ತರದೆ ಈ ವಿಧಾನ ಇಲ್ಲಿ ಸಾಗುವುದಿಲ್ಲ. ಹಳೆಯ ಸರ್ವರ್ ಆರಿಸುವ ಮುನ್ನವೇ ಅದರ ಕೆಲಸಗಳ ಪಟ್ಟಿ ಕಾಗದದ ಮೇಲೆ ಬಂದಿರಬೇಕು.

ಪಟ್ಟಿಯಲ್ಲಿ ಬಿಟ್ಟುಹೋದರೆ ಅತಿ ಹೆಚ್ಚು ಕಾಡುವುದು ಡಿಎನ್‌ಎಸ್, ಅಂದರೆ ಹೆಸರು ಹೇಳುವ ಸೇವೆ. ಡೊಮೈನ್‌ಗೆ ಸೇರಿದ ಕಂಪ್ಯೂಟರ್ ಲಾಗಿನ್‌ಗೆ ಯಾವ ಸರ್ವರನ್ನು ಕೇಳಬೇಕೆಂಬುದನ್ನೂ ಡಿಎನ್‌ಎಸ್‌ನಿಂದಲೇ ತಿಳಿದುಕೊಳ್ಳುತ್ತದೆ. ಬಹಳಷ್ಟು ಕಚೇರಿಗಳಲ್ಲಿ ಮೊದಲ ಡಿಎನ್‌ಎಸ್ ವಿಳಾಸ ಸರ್ವರ್‌ನದು, ಎರಡನೆಯದು ‘ಇರಲಿ’ ಎಂದು ಹಾಕಿದ ಗೂಗಲ್‌ನ 8.8.8.8. ಹಳೆಯ ಸರ್ವರ್ ಹೋದ ಮೇಲೆ ಮೊದಲ ವಿಳಾಸದಿಂದ ಉತ್ತರ ಬರುವುದಿಲ್ಲ, ಕಂಪ್ಯೂಟರ್ ಎರಡನೆಯದನ್ನು ಕೇಳುತ್ತದೆ. ಕಚೇರಿಯೊಳಗಿನ ಹೆಸರುಗಳು ಗೂಗಲ್‌ಗೆ ಹೇಗೆ ಗೊತ್ತಿರಬೇಕು? ಅಂಥ ಹೆಸರಿಲ್ಲ ಎಂದು ಅದು ಹೇಳುತ್ತದೆ, ಕಂಪ್ಯೂಟರ್ ಅದನ್ನೇ ಖಚಿತ ಉತ್ತರವೆಂದು ಒಪ್ಪಿಕೊಳ್ಳುತ್ತದೆ. ಅದೇ ಹೊತ್ತಿಗೆ ಹೊರಗಿನ ವೆಬ್‌ಸೈಟ್‌ಗಳು ಸಲೀಸಾಗಿ ತೆರೆಯುವುದರಿಂದ ‘ನೆಟ್ ಬರ್ತಿದೆ, ನೆಟ್‌ವರ್ಕ್ ಸರಿಯಿದೆ’ ಎಂಬ ತೀರ್ಮಾನ ಹುಟ್ಟಿ, ದೋಷವನ್ನು ತಪ್ಪು ಜಾಗದಲ್ಲಿ ಹುಡುಕುವ ಕೆಲಸ ಮಧ್ಯಾಹ್ನದವರೆಗೂ ನಡೆಯುತ್ತದೆ. ‘ಲಾಗಿನ್ ಆಗ್ತಿದೆಯಲ್ಲ’ ಎಂಬ ಇನ್ನೊಂದು ಸಮಾಧಾನವೂ ಇಷ್ಟೇ ಪೊಳ್ಳು. ಸರ್ವರ್ ಸಿಗದಿದ್ದರೂ ಹಿಂದೆ ಲಾಗಿನ್ ಆದವರನ್ನು ವಿಂಡೋಸ್ ತನ್ನಲ್ಲಿ ಉಳಿಸಿಕೊಂಡ ದಾಖಲೆಯ ಮೇಲೆ ಒಳಗೆ ಬಿಡುತ್ತದೆ. ಸಹಜ ಸ್ಥಿತಿಯಲ್ಲಿ ಅದು 10 ಲಾಗಿನ್‌ಗಳ ದಾಖಲೆ ಇಟ್ಟುಕೊಂಡಿರುತ್ತದೆ.

ಕೆಲವು ಕಂಪ್ಯೂಟರ್‌ಗಳು ಸೋಮವಾರವೇ ಸರಿಹೋಗಿ ಕೆಲವು ಗುರುವಾರದವರೆಗೆ ಸತಾಯಿಸುವುದಕ್ಕೂ ಹೀಗೆಯೇ ಲೆಕ್ಕವಿದೆ. ವಿಂಡೋಸ್‌ನ ಡಿಎಚ್‌ಸಿಪಿ ಸೇವೆ ಸಾಮಾನ್ಯವಾಗಿ 8 ದಿನಗಳ ಅವಧಿಗೆ ವಿಳಾಸ ಕೊಡುತ್ತದೆ, ಅರ್ಧ ಅವಧಿ ಕಳೆದಾಗ ಕಂಪ್ಯೂಟರ್ ಅದನ್ನು ನವೀಕರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ರೀಸ್ಟಾರ್ಟ್ ಆಗದ ಯಂತ್ರಗಳು ಹಳೆಯ ಡಿಎನ್‌ಎಸ್ ವಿಳಾಸವನ್ನೇ ನಂಬಿಕೊಂಡಿರುತ್ತವೆ. ಕೈಯಾರೆ ವಿಳಾಸ ಹಾಕಿದ ಯಂತ್ರಗಳಂತೂ ಯಾರಾದರೂ ಹೋಗಿ ತಿದ್ದುವವರೆಗೆ ಬದಲಾಗುವುದೇ ಇಲ್ಲ. ಬದಲಾವಣೆಗೆ ಒಂದು ವಾರ ಮೊದಲೇ ಈ ಅವಧಿಯನ್ನು ಕೆಲವು ಗಂಟೆಗಳಿಗೆ ಇಳಿಸಿದರೆ ಅರ್ಧ ಗೊಂದಲ ಹುಟ್ಟುವುದಿಲ್ಲ. ಖರ್ಚಿಲ್ಲದ ಈ ಉಪಾಯವನ್ನು ಪಾಲಿಸುವವರು ಕಡಿಮೆ.

ಸಮಯದ ತೊಂದರೆ ಇನ್ನೂ ಸೂಕ್ಷ್ಮ. ವಿಂಡೋಸ್ ಡೊಮೈನ್ ಬಳಸುವ ಕೆರ್ಬೆರೋಸ್ ವ್ಯವಸ್ಥೆ ಕಂಪ್ಯೂಟರ್ ಮತ್ತು ಸರ್ವರ್‌ಗಳ ಗಡಿಯಾರಗಳ ನಡುವೆ ಸಹಜವಾಗಿ 5 ನಿಮಿಷಗಳ ಅಂತರವನ್ನಷ್ಟೇ ಸಹಿಸುತ್ತದೆ. ಹೊಸ ಸರ್ವರ್‌ನಲ್ಲಿ ಸಮಯ ವಲಯವನ್ನು ಗ್ರೀನಿಚ್‌ನದಾಗಿಯೇ ಬಿಟ್ಟು, ಮುಳ್ಳನ್ನು ಮಾತ್ರ ಗೋಡೆಯ ಗಡಿಯಾರಕ್ಕೆ ಹೊಂದಿಸಿದರೆ ಪರದೆಯ ಮೇಲೆ ಎಲ್ಲ ಸರಿಯಾಗಿ ಕಾಣುತ್ತದೆ, ಒಳಗಿನ ಲೆಕ್ಕ ಮಾತ್ರ ಐದೂವರೆ ಗಂಟೆ ಮುಂದಿರುತ್ತದೆ. ಕಣ್ಣಳತೆಯಲ್ಲಿ ಪರೀಕ್ಷಿಸುವವರಿಗೆ ಈ ದೋಷ ಸಿಕ್ಕುವುದೇ ಇಲ್ಲ.

ವಿಮರ್ಶೆ ಕಟುವಾಗಬೇಕಾದದ್ದು ಸ್ಕ್ಯಾನರ್ ವಿಷಯದಲ್ಲಿ. ಹಳೆಯ ಜೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡಿದ ಕಡತವನ್ನು ಎಸ್‌ಎಂಬಿ 1 ಎಂಬ ಹಳೆಯ ವಿಧಾನದಲ್ಲಿ ಫೋಲ್ಡರ್‌ಗೆ ಕಳಿಸುತ್ತವೆ. ಸರ್ವರ್ 2019 ಮತ್ತು ಅದರ ನಂತರದವುಗಳಲ್ಲಿ ಅದು ಮೊದಲಿಗೆ ಇರುವುದೇ ಇಲ್ಲ. ಅದಕ್ಕೆ ಕಾರಣವಿದೆ: 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನೂ ಬೀಗ ಹಾಕಿದಂತೆ ನಿಲ್ಲಿಸಿದ್ದು ಈ ವಿಧಾನದಲ್ಲಿದ್ದ ದೋಷದ ಮೂಲಕವೇ. ಅದರ ತಿದ್ದುಪಡಿ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹೀಗಿದ್ದೂ ಸೋಮವಾರದ ಒತ್ತಡದಲ್ಲಿ ಹೊಸ ಸರ್ವರ್‌ನಲ್ಲಿ ಎಸ್‌ಎಂಬಿ 1 ಚಾಲೂ ಮಾಡುವುದೇ ಜನಪ್ರಿಯ ಪರಿಹಾರ. ಎರಡು ನಿಮಿಷದ ಕೆಲಸ, ಸ್ಕ್ಯಾನ್ ಬರುತ್ತದೆ, ದೂರು ಮುಚ್ಚುತ್ತದೆ. ಯಾವ ಅಪಾಯದಿಂದ ಪಾರಾಗಲು ಲಕ್ಷಾಂತರ ರೂಪಾಯಿ ಸುರಿದು ಸರ್ವರ್ ಬದಲಿಸಿದರೋ ಅದೇ ಅಪಾಯ ಹೊಸ ಯಂತ್ರದೊಳಕ್ಕೆ ಬಂದು ಕೂರುತ್ತದೆ. ಯಂತ್ರದ ಫರ್ಮ್‌ವೇರ್ ಹೊಸದಾಗಿಸಿ ಎಸ್‌ಎಂಬಿ 2 ಸಿಗುತ್ತದೆಯೇ ನೋಡುವುದು, ಇಲ್ಲವಾದರೆ ಸ್ಕ್ಯಾನನ್ನು ಇಮೇಲ್‌ಗೆ ಕಳಿಸುವಂತೆ ಮಾಡುವುದು ಸರಿಯಾದ ದಾರಿ. ಪ್ರಿಂಟರ್‌ಗಳದ್ದೂ ಇದೇ ಕತೆ. ಪ್ರಿಂಟ್‌ನೈಟ್‌ಮೇರ್ ದೋಷದ ನಂತರ, 2021ರ ಆಗಸ್ಟ್‌ನಿಂದ, ಪ್ರಿಂಟರ್ ಡ್ರೈವರ್ ಹಾಕಲು ಅಡ್ಮಿನ್ ಅಧಿಕಾರ ಬೇಕು. ಸಿಬ್ಬಂದಿಗೆಲ್ಲ ಆ ಅಧಿಕಾರ ಹಂಚಿ ಕೈತೊಳೆದುಕೊಳ್ಳುವುದು ದುರಸ್ತಿ ಎನಿಸಿಕೊಳ್ಳಲಾರದು.

ಟ್ಯಾಲಿಯ ದೂರು ನೋಡಲು ದೊಡ್ಡದು, ಕಾರಣ ಸಣ್ಣದು. ಲೆಕ್ಕದ ದತ್ತಾಂಶ ಎಲ್ಲಿದೆ ಎಂಬ ಹಾದಿಯಲ್ಲಿ ಹಳೆಯ ಸರ್ವರ್‌ನ ಹೆಸರು ಉಳಿದಿರುತ್ತದೆ. ಒಂದು ಎಕ್ಸೆಲ್ ಕಡತ ಇನ್ನೊಂದನ್ನು ಓದುವಂತೆ ಜೋಡಿಸಿದ ಕಡೆಗಳಲ್ಲೂ ಹೀಗೆಯೇ. ಹೊಸ ಸರ್ವರ್‌ಗೆ ಹಳೆಯ ಹೆಸರನ್ನು ಪರ್ಯಾಯವಾಗಿ ನೋಂದಾಯಿಸಿದರೆ ಇಂಥ ಬಹುಪಾಲು ದೂರುಗಳು ಒಟ್ಟಿಗೆ ತೀರುತ್ತವೆ.

ಕರ್ನಾಟಕದ ಕಚೇರಿಗಳಲ್ಲಿ ಈ ದೂರುಗಳಿಗೆ ಮತ್ತೊಂದು ಸೇರುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಸಿಬ್ಬಂದಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರ್‌ನಲ್ಲೇ ಕೆಲಸ ಮಾಡುವ ಕಡೆ, ಹೊಸ ಸರ್ವರ್‌ಗೆ ಆ ಫಾಂಟ್ ಹಾಕುವುದು ಮರೆತರೆ ‘ಫೈಲ್‌ಗಳೆಲ್ಲ ಕೆಟ್ಟುಹೋದವು’ ಎಂಬ ಗಾಬರಿ ಏಳುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಗಾಬರಿಯಲ್ಲಿ ಬ್ಯಾಕಪ್‌ನಿಂದ ಹಳೆಯ ಪ್ರತಿ ತಂದು ಮೇಲೆ ಹಾಕಿದರೆ ಮಾತ್ರ ನಿಜಕ್ಕೂ ಕೆಲಸ ಕೆಡುತ್ತದೆ.

ದೂರು ದಾಖಲಿಸಿಕೊಳ್ಳುವ ರೀತಿಯಲ್ಲೂ ಒಂದು ಕೊರತೆ ಎದ್ದು ಕಾಣುತ್ತದೆ. ಯಾರಿಗೆ ಆಗುತ್ತಿಲ್ಲ ಎಂಬುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ಯಾರಿಗೆ ಆಗುತ್ತಿದೆ ಎಂದು ಕೇಳುವವರು ವಿರಳ. ಒಂದೇ ಕೋಣೆಯ ಎರಡು ಯಂತ್ರಗಳಲ್ಲಿ ಒಂದು ನಡೆಯುತ್ತಿದ್ದರೆ, ಎರಡರ ಐಪಿಕಾನ್ಫಿಗ್ ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮಾತ್ರಕ್ಕೆ ಎಷ್ಟೋ ಸಲ ವ್ಯತ್ಯಾಸ ಸಿಕ್ಕಿಬಿಡುತ್ತದೆ.

ಹಳೆಯ ಸರ್ವರನ್ನು ಏನು ಮಾಡಬೇಕೆಂಬುದರಲ್ಲಿ ಎರಡೂ ಅತಿಗಳು ಬಳಕೆಯಲ್ಲಿವೆ. ಅದನ್ನು ಚಾಲೂ ಬಿಟ್ಟರೆ ಅರ್ಧ ಕಚೇರಿ ಗೊತ್ತಿಲ್ಲದೆ ಅದನ್ನೇ ಬಳಸುತ್ತ, ದೋಷಗಳು ಮುಚ್ಚಿಹೋಗುತ್ತವೆ. ಮರುವಾರವೇ ಗುಜರಿಗೆ ಹಾಕಿದರೆ, ತಿಂಗಳ ಕೊನೆಯ ಸಂಬಳದ ಪಟ್ಟಿಯೋ ಮಾರ್ಚ್ ಅಂತ್ಯದ ಲೆಕ್ಕವೋ ಅದರಲ್ಲಿದ್ದ ಯಾವುದೋ ಫೋಲ್ಡರ್ ಕೇಳಿದಾಗ ಉತ್ತರವಿರುವುದಿಲ್ಲ. ಕಡತಗಳಿದ್ದ ಯಂತ್ರವನ್ನು ಜಾಲದಿಂದ ಬಿಡಿಸಿ, ಒಂದು ಆರ್ಥಿಕ ವರ್ಷ ಮುಗಿಯುವವರೆಗೆ ಹಾಗೆಯೇ ಇಡುವುದು ಲೇಸು. ಅದು ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್ ಕೂಡ ಆಗಿದ್ದರೆ, ಕೇಬಲ್ ಕೀಳುವ ಮೊದಲು ಆ ಹೊಣೆಯಿಂದ ಅದನ್ನು ಕ್ರಮವಾಗಿ ಇಳಿಸಿರಬೇಕು. ಹಾಗೆ ಇಳಿಸದೆ ಆರಿಸಿಟ್ಟ ಕಂಟ್ರೋಲರನ್ನು ಸಾಮಾನ್ಯವಾಗಿ 180 ದಿನಗಳ ನಂತರ ಮತ್ತೆ ಜಾಲಕ್ಕೆ ಸೇರಿಸುವಂತಿಲ್ಲ. ಅಷ್ಟರಲ್ಲಿ ಅಳಿಸಿದ್ದ ಖಾತೆಗಳು ಅದರಿಂದ ಮತ್ತೆ ತಲೆಯೆತ್ತುತ್ತವೆ.