ವಸ್ತಿಯ ಮಾತು, ಹೋಟೆಲಿನ ಮಾತು

ಬಸ್ಸಿನ ನಿಲ್ದಾಣಗಳಲ್ಲಿಯೂ ಜಾತ್ರೆಯ ಅಂಗಡಿಗಳಲ್ಲಿಯೂ ಮಾರಾಟಕ್ಕೆ ದೊರೆಯುವ ಇಂಗ್ಲಿಷ್ ಸಂಭಾಷಣೆಯ ಕೈಪಿಡಿಗಳನ್ನು ಸಾಹಿತ್ಯವಿಮರ್ಶಕರು ಸಾಮಾನ್ಯವಾಗಿ ಮುಟ್ಟುವದಿಲ್ಲ. ಆದರೆ ಕಾವ್ಯವನ್ನು ಎಂದೂ ಕೈಯಲ್ಲಿ ಹಿಡಿಯದವನು ಕೂಡ ಇಂತಹ ಕೈಪಿಡಿಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಪರಸ್ಥಳಕ್ಕೆ ಹೊರಡುತ್ತಾನೆ. ಹೀಗಿರಲು ಅವುಗಳ ಭಾಷೆಯನ್ನು ಪರೀಕ್ಷಿಸುವದೂ ವಿಮರ್ಶೆಯ ಕರ್ತವ್ಯವೇ ಸರಿ. ಅವುಗಳಲ್ಲಿ ಪದೇ ಪದೇ ಬರುವ ‘ಹೋಟೆಲಿನಲ್ಲಿ ತಂಗುವಾಗ’ ಎಂಬ ಪ್ರಕರಣವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರಿಗೆ ಪರಸ್ಥಳವಾಸವು ಹೊಸದಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರವು ದೂರದ ಪೇಟೆಗಳನ್ನು ಕಾಣಿಸಿತು. ಅಥಣಿಯ ಚಪ್ಪಲಿಗಳು ಅವನ್ನು ಹೊಲಿದವರಿಗಿಂತ ಹೆಚ್ಚು ಊರುಗಳನ್ನು ಸುತ್ತಿದವು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದವರು ಬಯಲಿನಲ್ಲಿಯೇ ಬಿಡಾರ ಹೂಡಿದರು. ಆದುದರಿಂದ ತಂಗುವಿಕೆಯನ್ನು ಕುರಿತ ಮಾತುಗಳ ಸಂಪತ್ತು ಈ ಸೀಮೆಯಲ್ಲಿ ದೊಡ್ಡದಾಗಿಯೇ ಇದೆ. ರಾತ್ರಿ ಉಳಿಯುವದು ‘ವಸ್ತಿ’. ಹಳ್ಳಿಯಲ್ಲಿ ರಾತ್ರಿ ನಿಂತು ಬೆಳಗಿಗೆ ಹೊರಡುವ ಬಸ್ಸು ‘ವಸ್ತಿ ಬಸ್ಸು’. ಅರಬ್ಬಿಯಲ್ಲಿ ಹುಟ್ಟಿ ಮರಾಠಿಯ ಮೂಲಕ ಬಂದ ‘ಮುಕ್ಕಾಮು’ ಎಂಬುದು ಕಾಗದದ ವಿಳಾಸದಲ್ಲಿಯ ‘ಮು. ಪೋ.’ ಎಂಬೆರಡು ಅಕ್ಷರಗಳಲ್ಲಿ ಅಡಗಿ ಕುಳಿತಿದೆ. ಕೋಣೆಗೆ ‘ಖೋಲಿ’, ಉಣ್ಣುವ ಸ್ಥಳಕ್ಕೆ ‘ಖಾನಾವಳಿ’. ‘ಎಲ್ಲಿ ಇಳಿದಿದ್ದೀರಿ?’ ಎಂದು ಕೇಳಿದರೆ ತಂಗಿದ ಸ್ಥಳವನ್ನು ಕೇಳಿದಂತಾಯಿತು. ಬಂಡಿಯಿಂದ ಇಳಿಯುವ ಮಾತೇ ಮನೆಯಲ್ಲಿ ಉಳಿಯುವ ಮಾತಾಯಿತು.

ಇವುಗಳಲ್ಲಿ ‘ವಸ್ತಿ’ ಎಂಬ ಮಾತಿನ ಕುಲವು ಬಹಳ ದೊಡ್ಡದು. ಸಂಸ್ಕೃತದ ‘ವಸತಿ’ಯು ಕನ್ನಡದಲ್ಲಿ ಒಂದು ಕಡೆಗೆ ‘ಬಸದಿ’ಯಾಗಿ ಜಿನನ ಆಲಯಕ್ಕೆ ಹೆಸರಾಯಿತು, ಇನ್ನೊಂದು ಕಡೆಗೆ ‘ವಸ್ತಿ’ಯಾಗಿ ದಾರಿಕಾರನ ರಾತ್ರಿಗೆ ಹೆಸರಾಯಿತು. ಜೈನ ಮನೆತನಗಳು ಬಹುವಾಗಿರುವ ಶೇಡಬಾಳ, ಸದಲಗಾಗಳಂತಹ ಊರುಗಳಲ್ಲಿ ಈ ಎರಡು ಮಾತುಗಳೂ ಒಂದೇ ನಾಲಗೆಯ ಮೇಲೆ ದಿನವೂ ಓಡಾಡುತ್ತವೆ.

ಕೈಪಿಡಿಗಳ ಮೊದಲನೆಯ ದೋಷವು ಇಲ್ಲಿಯೇ ತೋರುತ್ತದೆ. ಓದುವವನ ಬಳಿ ಏನೂ ಇಲ್ಲವೆಂದು ತಿಳಿದು ಅವು ಶಬ್ದಗಳನ್ನು ಸುರಿಯುತ್ತವೆ. ‘ಹೋಟೆಲ್’ ಎಂಬುದಕ್ಕೆ ‘ಹೋಟೆಲು’ ಎಂದು ಅರ್ಥ ಬರೆದು ಮುಂದೆ ಸಾಗುತ್ತವೆ. ಆದರೆ ಕನ್ನಡದ ಹೋಟೆಲು ಮುಖ್ಯವಾಗಿ ಚಹ ಕುಡಿಯುವ, ಉಪಾಹಾರ ಮಾಡುವ ಸ್ಥಳ. ಇಂಗ್ಲಿಷಿನ ಹೋಟೆಲು ಮುಖ್ಯವಾಗಿ ಮಲಗುವ ಸ್ಥಳ. ಈ ಕಡೆಯವನು ಮಲಗುವದಕ್ಕೆ ‘ಲಾಜು’ ಹುಡುಕುತ್ತಾನೆ. ಅಂತೆಯೇ ‘ಬೋರ್ಡಿಂಗು’ ಎಂದರೆ ಇಂಗ್ಲಿಷಿನಲ್ಲಿ ಹಣ ಕೊಟ್ಟು ಪಡೆಯುವ ಊಟ. ಈ ಸೀಮೆಯವನಿಗೆ ವಿದ್ಯಾರ್ಥಿನಿಲಯ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಿಂದ 1901ರಿಂದ ಮುಂದೆ ಬೇರೆ ಬೇರೆ ಸಮಾಜಗಳ ಹುಡುಗರಿಗಾಗಿ ಎದ್ದ ಬೋರ್ಡಿಂಗುಗಳು ಆ ಮಾತಿಗೆ ಈ ಅರ್ಥವನ್ನು ಗಟ್ಟಿಗೊಳಿಸಿದವು. ಇಂತಹ ಭೇದವನ್ನು ತಿಳಿಸದ ಪದಪಟ್ಟಿಯು ದಾರಿ ತೋರದೆ ದಾರಿ ತಪ್ಪಿಸುವದು.

ಎರಡನೆಯ ದೋಷವು ಇದಕ್ಕಿಂತ ಭಾರವಾದುದು. ಶಬ್ದವನ್ನು ಕೊಟ್ಟು ವ್ಯವಹಾರವನ್ನು ಮರೆಸುವದು ಈ ಕೈಪಿಡಿಗಳ ರೂಢಿ. ‘ಡಬಲ್ ರೂಮು’, ‘ಟ್ವಿನ್ ರೂಮು’ ಎರಡಕ್ಕೂ ‘ಇಬ್ಬರ ಕೋಣೆ’ ಎಂದರೆ ಸಾಲದು. ಮೊದಲನೆಯದರಲ್ಲಿ ಇಬ್ಬರಿಗೂ ಒಂದೇ ಹಾಸಿಗೆ, ಎರಡನೆಯದರಲ್ಲಿ ಎರಡು. ತಂದೆಯೊಡನೆ ಬಂದ ಬೆಳೆದ ಮಗಳಿಗೆ ಈ ಭೇದವು ಸಣ್ಣದೇ? ‘ಚೆಕ್ ಔಟ್’ ಎಂದರೆ ‘ಕೋಣೆ ಬಿಡುವದು’ ಎಂದಷ್ಟೆ ಕಲಿತವನು ರಾತ್ರಿ ಹತ್ತಕ್ಕೆ ಬಂದು ಮರುದಿನ ರಾತ್ರಿ ಹತ್ತರವರೆಗೆ ಒಂದು ದಿನವೆಂದು ಲೆಕ್ಕ ಹಾಕುವನು. ಕೆಲವು ಕಡೆಗೆ ಆ 24 ತಾಸಿನ ಪದ್ಧತಿಯೇ ಉಂಟು. ಬೇರೆ ಕಡೆಗೆ ಮಧ್ಯಾಹ್ನ ಹನ್ನೆರಡಕ್ಕೆ ದಿನವು ಮುಗಿದುಹೋಗಿ ಎರಡನೆಯ ದಿನದ ಬಾಡಿಗೆ ಮೇಲೆ ಬೀಳುವದು. ‘ವಸ್ತಿ’ಯು ರಾತ್ರಿಯನ್ನು ಎಣಿಸುವದು, ‘ಚೆಕ್ ಔಟ್’ ಗಡಿಯಾರವನ್ನು ಎಣಿಸುವದು. ಈ ಒಂದು ವಾಕ್ಯವು ಕೈಪಿಡಿಯಲ್ಲಿದ್ದರೆ ಎಷ್ಟೋ ಜನರ ಹಣವು ಉಳಿದೀತು.

ಇದು ವಿಲಾಸದ ಪ್ರವಾಸಿಗಳಷ್ಟಕ್ಕೇ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಮಿರಜು ಈ ಸೀಮೆಯ ರೋಗಿಗಳಿಗೆ ಆಸರೆಯಾದ ಊರು. ಅಥಣಿ, ಕಾಗವಾಡಗಳಿಂದ ರೋಗಿಯೊಡನೆ ಹೋದವರು ರಾತ್ರಿಯ ವೇಳೆಯಲ್ಲಿ ಒಂದು ಖೋಲಿಗಾಗಿ ಅಲೆಯುವಾಗ ‘ಅಡ್ವಾನ್ಸು’, ‘ಡಿಪಾಜಿಟ್ಟು’ಗಳ ಭೇದವನ್ನು ಬಲ್ಲವರಿಗೆ ಒಂದು ಧೈರ್ಯವಿರುವದು. ಇಲ್ಲೊಂದು ಸೋಜಿಗವೂ ಉಂಟು. ‘ಹೋಟೆಲು’ ಮತ್ತು ‘ಹಾಸ್ಪಿಟಲು’ ಎರಡೂ ಲ್ಯಾಟಿನಿನ ಒಂದೇ ಮಾತಿನ ಮಕ್ಕಳು. ಆ ಮೂಲಶಬ್ದವು ಅತಿಥಿಗೂ ಅತಿಥಿಯನ್ನು ಬರಮಾಡಿಕೊಳ್ಳುವವನಿಗೂ ಸಲ್ಲುತ್ತಿತ್ತು. ಮಿರಜಿನ ಬೀದಿಯಲ್ಲಿ ಈ ಅಕ್ಕತಂಗಿಯರು ಇಂದಿಗೂ ಎದುರುಬದುರಾಗಿ ನಿಂತಿದ್ದಾರೆ.

‘ಅತಿಥಿ’ ಎಂಬುದಕ್ಕೆ ತಿಥಿಯಿಲ್ಲದೆ ಬರುವವನು ಎಂದು ಸಂಪ್ರದಾಯದ ವಿವರಣೆ. ಹೋಟೆಲಿನವರು ಇಂದು ಯಾರನ್ನು ಅತಿಥಿಯೆನ್ನುತ್ತಾರೆಯೋ ಅವನು ಬರುವ ತಿಥಿಯನ್ನೂ ಹೋಗುವ ತಿಥಿಯನ್ನೂ ಮುಂಚಿತವಾಗಿ ಬರೆದುಕೊಟ್ಟವನು. ಈ ವಿಪರ್ಯಾಸವನ್ನು ಕಂಡು, ಇಂಗ್ಲಿಷ್ ಮಾತುಗಳನ್ನು ಹೊರದೂಡಿ ‘ಛತ್ರ’, ‘ಧರ್ಮಶಾಲೆ’ಗಳನ್ನು ಮರಳಿ ತರಬೇಕೆಂದು ಭಾಷಾಭಿಮಾನಿಗಳು ಹೇಳಬಹುದು. ಅದು ಅರ್ಧ ಸತ್ಯ ಮಾತ್ರ. ಆ ಶಬ್ದಗಳು ಮಧುರವಾಗಿದ್ದರೂ ಅವುಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಬಂದವನನ್ನು ಅಲ್ಲಿ ಮೊದಲು ಕೇಳುತ್ತಿದ್ದುದು ಜಾತಿಯನ್ನು. 1925ರಲ್ಲಿ ನಿಪ್ಪಾಣಿಯಲ್ಲಿ ಜರುಗಿದ ಬಹಿಷ್ಕೃತರ ಪರಿಷತ್ತಿಗೆ ಬಂದ ಡಾ. ಅಂಬೇಡಕರರು, ಅದಕ್ಕೆ ಎಂಟು ವರ್ಷಗಳ ಹಿಂದೆ, 1917ರಲ್ಲಿ, ಬಡೋದೆಯಲ್ಲಿ ತಂಗಲು ಸ್ಥಳವಿಲ್ಲದೆ ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರನ್ನು ಬರೆಯಿಸಿ ಉಳಿದುಕೊಂಡಿದ್ದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಅವರೇ ಇದನ್ನು ಹೇಳಿದ್ದಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜಾತಿ ಮೊದಲಾದವುಗಳ ಕಾರಣದಿಂದ ಯಾರನ್ನೂ ತಡೆಯಬಾರದ ಸ್ಥಳಗಳನ್ನು ಎಣಿಸುವಾಗ ‘ಹೋಟೆಲ್’ ಎಂಬ ಮಾತನ್ನೇ ಬಳಸಿತು. ಹೀಗೆ ಪರದೇಶದ ಆ ಶಬ್ದವು ಒಂದು ಹಕ್ಕನ್ನು ಹೊತ್ತು ನಿಂತಿದೆ. ಅದನ್ನು ಶುದ್ಧಿಯ ಹೆಸರಿನಲ್ಲಿ ಕಳೆದುಕೊಳ್ಳುವದು ವಿವೇಕವಲ್ಲ.

ಆದರೆ ಹಕ್ಕು ಬಂದಿತೆಂದು ಆದರವನ್ನು ಬಿಡಬೇಕಾಗಿಲ್ಲ. ಕೈಪಿಡಿಗಳ ಮೂರನೆಯ ದೋಷವೆಂದರೆ ಅವು ಕಲಿಸುವ ಮಾತೆಲ್ಲವೂ ಕೊಳ್ಳುವವನ ಮಾತು: ಬಿಸಿನೀರು ತಾ, ಹೊದಿಕೆ ತಾ, ಬಿಲ್ಲು ತಾ. ನೀರು ತಂದವನಿಗೆ ಹೇಳುವ ಒಂದು ಒಳ್ಳೆಯ ಮಾತು ಅವುಗಳಲ್ಲಿ ಸಿಕ್ಕುವದು ದುರ್ಲಭ. ‘ಜಾಗಾ ಐತೇನ್ರಿ?’ ಎಂದು ಕೇಳುವ ಬಡ ರೈತನು ತನ್ನ ‘ರಿ’ಕಾರವೊಂದರಿಂದಲೇ ಎದುರಿನವನನ್ನು ಗೌರವಿಸುತ್ತಾನೆ. ಅವನ ಕೈಗೆ ಇಂಗ್ಲಿಷನ್ನು ಕೊಡುವವರು ಆ ಗೌರವವನ್ನು ಕಸಿದುಕೊಳ್ಳಬಾರದು.

ಒಳ್ಳೆಯ ಕೈಪಿಡಿಯು ‘ವಸ್ತಿ’ಯಿಂದ ಆರಂಭಿಸಲಿ, ಓದುವವನು ಬಲ್ಲ ಮಾತಿನ ಪಕ್ಕದಲ್ಲಿ ಅವನು ಅರಿಯದ ಮಾತನ್ನು ಇಡಲಿ, ಎರಡರ ನಡುವಣ ಭೇದವನ್ನೂ ಅದರ ಬೆಲೆಯನ್ನೂ ತಿಳಿಸಲಿ. ರೂಢಿಯಾದ ‘ರೂಮು’ ‘ಬಿಲ್ಲು’ಗಳು ಹಾಗೆಯೇ ಇರಲಿ, ‘ಕಾಯ್ದಿರಿಸು’ ಎಂಬಂತಹ ಸೊಗಸಾದ ಹೊಸ ಕನ್ನಡವೂ ಬಳಕೆಗೆ ಬರಲಿ. ಆಗ ಅಂತಹ ಪುಸ್ತಕವು ಗಾತ್ರದಲ್ಲಿ ಕಿರಿದಾದರೂ ಪ್ರಯೋಜನದಲ್ಲಿ ಹಿರಿದಾಗುವದರಲ್ಲಿ ಸಂದೇಹವಿಲ್ಲ.