ಪಿಗ್ಮಿಯವರು ಬರುವ ಹೊತ್ತು

ಮೆಲ್ಕಾರಿನಲ್ಲಿ ಹೆದ್ದಾರಿ ಬಿಟ್ಟು ಮುಡಿಪು ರಸ್ತೆಗೆ ತಿರುಗುವ ಕಡೆಯ ಅಂಗಡಿಸಾಲಿನಲ್ಲಿ ಸಂಜೆಯ ಹೊತ್ತಿಗೆ ಕೈಯಲ್ಲೊಂದು ಚೀಲ ಹಿಡಿದವರು ಗಲ್ಲಾಪೆಟ್ಟಿಗೆಯೆದುರು ಬಂದು ನಿಲ್ಲುತ್ತಾರೆ. ಊರಿಗೆಲ್ಲ ಅವರು ‘ಪಿಗ್ಮಿಯವರು’. ಐವತ್ತೋ ನೂರೋ ರೂಪಾಯಿ ಪಡೆದು ಪುಟ್ಟ ಮೆಷಿನ್ನಿನಿಂದ ಚೀಟಿ ಹರಿದು ಕೊಡುತ್ತಾರೆ. “ಇವತ್ತು ವ್ಯಾಪಾರವೇ ಇಲ್ಲ, ನಾಳೆ ಬನ್ನಿ ಮಾರಾಯ್ರೆ” ಅಂದರೆ ನಾಳೆ ಬರುತ್ತಾರೆ. ಹಣಕಾಸು ಮಾರುಕಟ್ಟೆಯ ಸಮಾಜಶಾಸ್ತ್ರ ಬರೆಯುವವರು ಮುಂಬಯಿಯ ದಲಾಲರನ್ನು ನೋಡುವ ಮೊದಲು ಇವರನ್ನು ನೋಡಬೇಕು.

ಪಿಗ್ಮಿ ನಮ್ಮ ಕರಾವಳಿಯದೇ ಕೂಸು. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದಾಗ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆ ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸತೊಡಗಿತು; ಅದೇ ಪಿಗ್ಮಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಬಂತು.

ಈ ಪದ್ಧತಿಯ ಜೀವ ಇರುವುದು ಆ ನಡಿಗೆಯಲ್ಲಿ. ದಿನದ ದುಡಿಮೆ ದಿನಕ್ಕೇ ಕರಗುವ ಮನೆಗಳಲ್ಲಿ ರಾತ್ರಿ ಉಳಿದ ನೋಟು ಬೆಳಿಗ್ಗೆ ಇರುವುದಿಲ್ಲ. ಪರಿಚಿತರೊಬ್ಬರು ದಿನವೂ ಕೈಚಾಚಿದರೆ ಉಳಿತಾಯ ಮರ್ಯಾದೆಯ ಮಾತಾಗುತ್ತದೆ. ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿ ಕಡಿತವಾಗುವ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ವ್ಯಾಪಾರದ ಏರಿಳಿತ ಗೊತ್ತಿಲ್ಲ. ಆಟಿ ತಿಂಗಳ ಮಳೆಗೆ ಬೀದಿ ಬರಿದಾದದ್ದು ಪಿಗ್ಮಿಯವರಿಗೆ ಗೊತ್ತು.

ಆದರೂ ಇದನ್ನು ಹಾಡಿ ಹೊಗಳುವಂತಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1985ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ವ್ಯವಹಾರದ ನಂಬಿಕೆ ಹುಟ್ಟುವುದು ಜನರ ಒಡನಾಟದಲ್ಲಿ ಎಂದರು. ಮೋಸಕ್ಕೆ ಎಡೆ ಸಿಗುವುದೂ ಅದೇ ಒಡನಾಟದಲ್ಲಿ ಎಂದೂ ಸೇರಿಸಿದರು. “ನಮ್ಮವರೇ ಅಲ್ವಾ” ಎಂದು ಪಾಸ್‌ಬುಕ್ ತೆರೆದೂ ನೋಡದವರಿಗೆ ಈ ಎರಡನೆಯ ಮಾತು ಅನ್ವಯಿಸುತ್ತದೆ. ಮೆಷಿನ್ನಿನ ಚೀಟಿ, ಮೊಬೈಲಿಗೆ ಬರುವ ಸಂದೇಶ ಈ ಕೊರತೆಯನ್ನು ಒಂದಿಷ್ಟು ತುಂಬಿವೆ.

ತುಂಬದೆ ಉಳಿದದ್ದು ದುಡಿಯುವವರ ಪಾಲು. ಊರವರ ದುಡ್ಡು ಹೊತ್ತು ಬಿಸಿಲು ಮಳೆಯಲ್ಲಿ ಅಲೆದವರನ್ನು ಬ್ಯಾಂಕುಗಳು ಬರೀ ಕಮಿಷನ್ ಏಜೆಂಟರೆಂದವು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಇವರ ಪರ ತೀರ್ಪು ಕೊಟ್ಟಿತು. ಇವರು ಕಾನೂನಿನ ಕಣ್ಣಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಲು 2001 ಬರಬೇಕಾಯಿತು. ಆಗಲೂ ಕಾಯಂ ನೌಕರರ ಸಾಲಿಗೆ ಇವರು ಸೇರಲಿಲ್ಲ. ಕರಾವಳಿಯ ಬ್ಯಾಂಕಿಂಗ್ ಪರಂಪರೆಯ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುವಾಗಲೆಲ್ಲ ಸ್ಥಾಪಕರ ಹೆಸರುಗಳಷ್ಟೇ ಬರುತ್ತವೆ. ಇದು ನನಗೆ ನೋವಿನ ಸಂಗತಿ.

ಈಗ ಅದೇ ಸಣ್ಣ ಮೊತ್ತಕ್ಕೆ ಫೋನಿನ ಷೇರು ವಹಿವಾಟಿನ ಆ್ಯಪ್‌ಗಳು ಕೈಚಾಚಿವೆ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಗಳಿಕೆಯ ಮೂಲ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಂಗಡಿಯವ ನಾಳೆಯೂ ಕಟ್ಟುವ ಸ್ಥಿತಿಯಲ್ಲಿದ್ದರೆ ಪಿಗ್ಮಿಯವರಿಗೆ ಕಮಿಷನ್. ಬ್ರೋಕರಿಗೆ ಗಿರಾಕಿ ಕೊಂಡರೂ ಮಾರಿದರೂ, ಗೆದ್ದರೂ ಸೋತರೂ ಶುಲ್ಕ. ಮ್ಯೂಚುವಲ್ ಫಂಡ್ ಪ್ರವೇಶ ಶುಲ್ಕವನ್ನು 2009ರಲ್ಲಿ ಸೆಬಿ ತೆಗೆದ ಮೇಲೆ ವಿತರಕರ ಗಳಿಕೆ ಗಿರಾಕಿಯ ಹಣ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಹೆಚ್ಚು ಅಂಟಿಕೊಂಡಿತು. ಆ ಮಟ್ಟಿಗೆ ಅವರು ಪಿಗ್ಮಿಯವರ ಹತ್ತಿರದ ನೆಂಟರು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಸಹಕಾರಿ ಸೊಸೈಟಿಗಳ ಕೈಯಲ್ಲಿ ಇನ್ನೂ ಬೀದಿ ಸುತ್ತುತ್ತಿದೆ. ಒಂದೇ ಅಂಗಡಿಯಲ್ಲಿ ಅಪ್ಪ ಪಿಗ್ಮಿ ಕಟ್ಟುತ್ತಿರುತ್ತಾರೆ, ಮಗ ಫೋನಿನಲ್ಲಿ ಆಪ್ಷನ್ಸ್ ಆಡುತ್ತಿರುತ್ತಾನೆ. ಎರಡು ದಿನ ದುಡ್ಡು ಕಟ್ಟದಿದ್ದರೆ ಪಿಗ್ಮಿಯವರು ಅಪ್ಪನನ್ನು “ಏನಾಯಿತು, ಹುಷಾರಿಲ್ವಾ?” ಎಂದು ಕೇಳುತ್ತಾರೆ. ಮಗ ಕಳೆದುಕೊಂಡದ್ದು ಪಕ್ಕದಲ್ಲೇ ಕೂತ ಅಪ್ಪನಿಗೂ ಗೊತ್ತಿರುವುದಿಲ್ಲ.